ನೀರಿನಡಿಯಲ್ಲಿ ಮಟ್ಟಸವಾಗಿ ನಿಲ್ಲುವುದು: ಹೊಸ ಸ್ಕೂಬಾ ಡೈವರ್‌ಗಳಿಗೆ ತೂಕ ಮತ್ತು ಟ್ರಿಮ್ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಿಂದ ಶುಕ್ರವಾರ ಹೊರಟು, ಕಲಘಟಗಿ ಮತ್ತು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು, ಅಂಕೋಲಾದಿಂದ ಕರಾವಳಿ ಹೆದ್ದಾರಿ ಹಿಡಿದು ಮುರುಡೇಶ್ವರ ಸೇರುವವರಲ್ಲಿ ಈಗ ದೇವರ ದರ್ಶನಕ್ಕೆ ಹೋಗುವವರ ಜೊತೆಗೆ ನೇತ್ರಾಣಿಯಲ್ಲಿ ಡೈವ್ ಮಾಡಲು ಹೋಗುವವರೂ ಇರುತ್ತಾರೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ, ತರಬೇತುದಾರರು ಜಾಕೆಟ್ ಹಿಡಿದು ಕರೆದೊಯ್ಯುವ ಮೊದಲ ಅನುಭವದ ಡೈವ್ ಮುಗಿಸಿ ಬರುವವರಿಗಾಗಿ ಈ ಲೇಖನ ಬರೆದಿಲ್ಲ. 18 ಮೀಟರ್ ಆಳದವರೆಗೆ ಇಳಿಯಲು ಅವಕಾಶ ನೀಡುವ ಮೊದಲ ಹಂತದ ಕೋರ್ಸ್ ಮುಗಿಸಿ, ಪ್ರಮಾಣಪತ್ರ ಪಡೆದು, ಕೆಲವು ಡೈವ್‌ಗಳಾದ ಮೇಲೂ ನೀರಿನಡಿಯಲ್ಲಿ ಒಂದೆಡೆ ನಿಲ್ಲಲಾಗದೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೊಯ್ದಾಡುವವರಿಗಾಗಿ ಇದನ್ನು ಬರೆದಿದೆ.

ಇಂಥ ಹೊಯ್ದಾಟಕ್ಕೆ ಕೈಕಾಲಿನ ಚಾತುರ್ಯ ಸಾಲದಿರುವುದೇ ಕಾರಣವೆಂದು ಹೆಚ್ಚಿನವರು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಎಂಟು ಪಾಲು ಕಾರಣ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದಲ್ಲಿರುತ್ತದೆ: ಅದು ಬೇಕಾದುದಕ್ಕಿಂತ ಹೆಚ್ಚಾಗಿರುತ್ತದೆ, ಇಲ್ಲವೇ ಇರಬಾರದ ಜಾಗದಲ್ಲಿ ಇರುತ್ತದೆ. ಈ ಎರಡನ್ನೂ ಸರಿಪಡಿಸುವ ಕೆಲಸದ ದೊಡ್ಡ ಭಾಗವನ್ನು ಕಡಲು ಮುಚ್ಚಿರುವ ಮಳೆಗಾಲದಲ್ಲಿ ಊರಲ್ಲಿದ್ದುಕೊಂಡೇ ಮಾಡಬಹುದು. ದೋಣಿಗೆ, ಸಿಲಿಂಡರಿಗೆ, ವಸತಿಗೆ ಹಣ ತೆತ್ತು ಪಡೆದ ನಲವತ್ತು ನಿಮಿಷವನ್ನು ತೂಕದ ಜೊತೆ ಗುದ್ದಾಡುತ್ತ ಕಳೆಯಬೇಕಾಗಿಲ್ಲ.

ಸೀಸ ಹೆಚ್ಚಾದರೆ ಆಗುವುದೇನು

ಮೊದಲು ಲೆಕ್ಕವನ್ನು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆ ನಿಂತಿವೆ. ಮುಳುಗಿದ ವಸ್ತು ಎಷ್ಟು ನೀರನ್ನು ಸ್ಥಳಾಂತರಿಸುತ್ತದೆಯೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಓದಿದ್ದೇವೆ. ಅದರ ಪ್ರಕಾರ ಬೇಕಾದಂತೆ ಗಾಳಿ ತುಂಬಿ ಬಿಡಬಹುದಾದ ನಿಮ್ಮ ಜಾಕೆಟ್‌ನಲ್ಲಿರುವ (ಇದನ್ನೇ ಬಿಸಿಡಿ ಎನ್ನುತ್ತಾರೆ) ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ತೂಕವನ್ನು ಎತ್ತಿ ಹಿಡಿಯುತ್ತದೆ. ನಿಮಗೆ ಅಗತ್ಯವಿದ್ದುದಕ್ಕಿಂತ ನಾಲ್ಕು ಕಿಲೋ ಸೀಸ ಹೆಚ್ಚಾಗಿ ಕಟ್ಟಿದ್ದಾರೆಂದುಕೊಳ್ಳಿ. ಹತ್ತು ಮೀಟರ್ ಆಳದಲ್ಲಿ ಆ ನಾಲ್ಕು ಕಿಲೋವನ್ನು ಸರಿದೂಗಿಸಲು ಜಾಕೆಟ್‌ನಲ್ಲಿ ನಾಲ್ಕು ಲೀಟರ್ ಗಾಳಿ ಹೆಚ್ಚಿಗೆ ತುಂಬಬೇಕಾಗುತ್ತದೆ. ಅಲ್ಲಿನ ಒತ್ತಡ 2 ಬಾರ್. ಯಾವುದೋ ಮೀನನ್ನು ನೋಡುತ್ತ ನೀವು ಐದು ಮೀಟರಿಗೆ ಏರಿದಿರಿ ಎನ್ನೋಣ. ಅಲ್ಲಿನ ಒತ್ತಡ 1.5 ಬಾರ್ ಆದ್ದರಿಂದ ಅದೇ ಗಾಳಿ ಹಿಗ್ಗಿ 5.3 ಲೀಟರ್ ಆಗುತ್ತದೆ, ಅಂದರೆ ನೀವು ಯಾವ ಗುಂಡಿಯನ್ನೂ ಒತ್ತದಿದ್ದರೂ ಒಂದೂಕಾಲು ಕಿಲೋಗಿಂತ ಹೆಚ್ಚಿನ ಬಲ ನಿಮ್ಮನ್ನು ಮೇಲಕ್ಕೆ ಎಳೆಯತೊಡಗುತ್ತದೆ. ಏರಿದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ನೀವು ಏರುತ್ತೀರಿ. ಗಾಬರಿಯಲ್ಲಿ ಗಾಳಿ ಬಿಟ್ಟರೆ ಅದು ಅಗತ್ಯಕ್ಕಿಂತ ಹೆಚ್ಚು ಹೋಗಿ, ಈಗ ಕೆಳಕ್ಕೆ ಬೀಳುವ ಸರದಿ ಬರುತ್ತದೆ. ಹೆಚ್ಚಿನ ಸೀಸ ಒಂದೇ ಕಿಲೋ ಆಗಿದ್ದರೆ ಅದೇ ಏರಿಕೆಯಲ್ಲಿ ಹುಟ್ಟುವ ಬಲ ಕಿಲೋದ ಮೂರನೇ ಒಂದು ಭಾಗ ಮಾತ್ರ, ಅದನ್ನು ಒಂದು ನಿಡಿದಾದ ನಿಶ್ವಾಸದಿಂದಲೇ ನಿಭಾಯಿಸಬಹುದು.

ಒತ್ತಡದ ಈ ಏರುಪೇರು ಮೇಲಿನ ಹತ್ತು ಮೀಟರಿನಲ್ಲೇ ಅತ್ಯಂತ ತೀವ್ರ: ನೀರಿನ ಮೇಲ್ಮೈಯಿಂದ ಹತ್ತು ಮೀಟರಿಗೆ ಇಳಿದಾಗ ಗಾಳಿಯ ಗಾತ್ರ ಅರ್ಧಕ್ಕೆ ಕುಗ್ಗಿದರೆ, ಹತ್ತರಿಂದ ಇಪ್ಪತ್ತಕ್ಕೆ ಇಳಿದಾಗ ಅದು ಅರ್ಧದಿಂದ ಮೂರನೇ ಒಂದಕ್ಕೆ ಮಾತ್ರ ಕುಗ್ಗುತ್ತದೆ. ಹೊಸಬರು ಹೆಚ್ಚು ಕಾಲ ಕಳೆಯುವುದು ಈ ಮೇಲಿನ ಪದರದಲ್ಲೇ ಆದ್ದರಿಂದ ಅವರಿಗೇ ಹೆಚ್ಚು ಕಷ್ಟ.

ಹೆಚ್ಚುವರಿ ಗಾಳಿಯ ಇನ್ನೊಂದು ಕೆಡುಕು ಭಂಗಿಗೆ ಸಂಬಂಧಿಸಿದ್ದು. ಜಾಕೆಟ್‌ನೊಳಗಿನ ಗಾಳಿ ಎತ್ತರದ ಜಾಗಕ್ಕೆ, ಅಂದರೆ ಭುಜದ ಕಡೆಗೆ ಸರಿಯುತ್ತದೆ. ಸೀಸವೋ ಸೊಂಟದಲ್ಲಿದೆ. ಭುಜವನ್ನು ಮೇಲಕ್ಕೂ ಸೊಂಟವನ್ನು ಕೆಳಕ್ಕೂ ಎಳೆಯುವ ಈ ಜೋಡಿ ಬಲಗಳು ದೇಹವನ್ನು ಓರೆಯಾಗಿ ನಿಲ್ಲಿಸುತ್ತವೆ. ಓರೆಯಾಗಿರುವಾಗ ಪಾದಕ್ಕೆ ತೊಟ್ಟ ಫಿನ್ ಬಡಿದರೆ ನೀವು ಮುಂದಕ್ಕಲ್ಲದೆ ಮೇಲಕ್ಕೂ ಸಾಗುತ್ತೀರಿ, ಮೇಲಕ್ಕೆ ಹೋಗದಂತೆ ಮಾಡಲು ಜಾಕೆಟ್ ಖಾಲಿ ಮಾಡುತ್ತೀರಿ, ಖಾಲಿಯಾದ್ದರಿಂದ ಮುಳುಗದಿರಲು ಬಿಡದೆ ಕಾಲು ಬಡಿಯುತ್ತೀರಿ. ಸಿಲಿಂಡರ್ ಬೇಗ ಮುಗಿಯುತ್ತದೆ, ಕೆಳಗಿನ ಮರಳು ಎದ್ದು ಹಿಂದಿನವರಿಗೆ ಏನೂ ಕಾಣದಂತಾಗುತ್ತದೆ, ಫಿನ್‌ನ ತುದಿ ಹವಳಕ್ಕೆ ತಾಗುತ್ತದೆ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇದೆ. ಕಾಯ್ದೆಯ ಮಾತು ಹಾಗಿರಲಿ, ಒಂದು ಒದೆತಕ್ಕೆ ಮುರಿಯುವ ಹವಳ ಮತ್ತೆ ಅಷ್ಟು ಬೆಳೆಯಲು ಅನೇಕ ವರ್ಷಗಳು ಬೇಕು.

ಊರಲ್ಲಿ ಮಾಡಬಹುದಾದ ತಯಾರಿ

ಸ್ವಂತ ವೆಟ್‌ಸೂಟ್, ಅಂದರೆ ಮೈಗೆ ಅಂಟುವ ರಬ್ಬರಿನ ಉಡುಪು, ಇರುವವರು ಅದು ಎಷ್ಟು ತೇಲುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ದಿನವೂ ನಲ್ಲಿ ನೀರು ಬಾರದ ನಮ್ಮ ಅವಳಿ ನಗರದಲ್ಲಿ 200 ಲೀಟರಿನ ಡ್ರಮ್ ಇಲ್ಲದ ಮನೆ ಅಪರೂಪ, ಅಳತೆಗೆ ಅದೇ ಸಾಕು. ನೀರು ಬಿಟ್ಟ ಮರುದಿನ ಮಾಡಿದರೆ ಮನೆಯವರ ಆಕ್ಷೇಪವೂ ಇರುವುದಿಲ್ಲ. ಸೂಟನ್ನು ಚೆನ್ನಾಗಿ ನೆನೆಸಿ, ತೋಳು ಮತ್ತು ಕಾಲುಗಳೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹಿಸುಕಿ ತೆಗೆದು, ಸುರುಳಿ ಸುತ್ತಿ ಈರುಳ್ಳಿ ತುಂಬುವ ಬಲೆ ಚೀಲಕ್ಕೆ ಹಾಕಿ ನೀರಿಗೆ ಬಿಡಿ. ಆಮೇಲೆ ಆ ಚೀಲಕ್ಕೆ ಅರ್ಧ ಅರ್ಧ ಕಿಲೋದಂತೆ ತೂಕದ ಬಟ್ಟುಗಳನ್ನು ಸೇರಿಸುತ್ತ ಹೋಗಿ, ಚೀಲ ಮುಳುಗಲೂ ಆಗದೆ ತೇಲಲೂ ಆಗದೆ ನಿಲ್ಲುವ ಹಂತದಲ್ಲಿ ಲೆಕ್ಕವನ್ನು ಬರೆದುಕೊಳ್ಳಿ. ಕಬ್ಬಿಣದ ಬಟ್ಟು ನೀರಿನೊಳಗೆ ತನ್ನ ತೂಕದ ಸುಮಾರು ಎಂಟನೇ ಒಂದು ಭಾಗವನ್ನೂ, ಸೀಸವು ಹನ್ನೊಂದನೇ ಒಂದು ಭಾಗವನ್ನೂ ಕಳೆದುಕೊಳ್ಳುತ್ತದೆ ಎಂಬುದನ್ನು ನೆನಪಿಡಿ. ಸೂಟ್ ಹಳತಾದಂತೆ ಅದರ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಕುಗ್ಗಿ ತೇಲುವಿಕೆ ಕಡಿಮೆಯಾಗುವುದರಿಂದ, ಪ್ರತಿ ಋತುವಿನ ಆರಂಭದಲ್ಲಿ ಈ ಅಳತೆಯನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಬಾಡಿಗೆ ಸೂಟ್ ಬಳಸುವವರಿಗೆ ಈ ಹೆಜ್ಜೆ ಬೇಕಿಲ್ಲ. ಯಾವ ಅಳತೆಯ, ಎಷ್ಟು ಮಿಲಿಮೀಟರ್ ದಪ್ಪದ ಸೂಟ್ ತೊಟ್ಟಿದ್ದಿರಿ ಎಂದು ಬರೆದಿಟ್ಟುಕೊಂಡರೆ ಸಾಕು.

ಭಂಗಿಯ ಅಭ್ಯಾಸಕ್ಕೆ ನೀರೂ ಬೇಕಿಲ್ಲ. ಜಮಖಾನೆ ಹಾಸಿ ಬೋರಲು ಮಲಗಿ, ಮೊಣಕಾಲುಗಳನ್ನು ಲಂಬಕೋನಕ್ಕೆ ಮಡಚಿ ಪಾದದಡಿಗಳು ಮಾಳಿಗೆಯನ್ನು ನೋಡುವಂತೆ ಮಾಡಿ, ತೊಡೆಗಳನ್ನು ನೆಲದಿಂದ ಒಂದೆರಡು ಅಂಗುಲ ಎತ್ತಿ, ಕೈಗಳನ್ನು ಮುಂದಕ್ಕೆ ಚಾಚಿ, ತಲೆಯನ್ನು ಎದುರಿನ ಗೋಡೆ ಕಾಣುವಷ್ಟು ಮೇಲೆತ್ತಿ. ಶಲಭಾಸನ ಮಾಡಿ ಗೊತ್ತಿರುವವರಿಗೆ ಸೊಂಟದ ಹಿಂಭಾಗದ ಈ ಬಿಗಿತ ಪರಿಚಿತ. ನೀರಿನಲ್ಲಿ ಇಷ್ಟು ಬಲ ಬೇಕಾಗುವುದಿಲ್ಲ, ಆದರೆ ಮೊಣಕಾಲು ಎದೆಯ ಕಡೆ ಇಳಿದಾಗ ಅದು ಇಳಿದಿದೆ ಎಂದು ಗುರುತಿಸುವ ಅರಿವು ಬೇಕು. ಹೊಸಬರಲ್ಲಿ ಹೆಚ್ಚಿನವರು ತಾವು ನೆಟ್ಟಗೆ ಮಲಗಿದ್ದೇವೆಂದು ಭಾವಿಸಿರುವಾಗ ಮೊಣಕಾಲು ಮುಂದೆ ಮಾಡಿಕೊಂಡು ಸೈಕಲ್ ತುಳಿಯುವ ಭಂಗಿಯಲ್ಲಿರುತ್ತಾರೆ. ದಿನಕ್ಕೆ ಎರಡು ನಿಮಿಷ, ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ಚಿತ್ರ ತೆಗೆದರೆ ಇನ್ನೂ ಚೆನ್ನ.

ಮೂರನೆಯದು ಈಜುಕೊಳ. ಸಾರ್ವಜನಿಕ ಈಜುಕೊಳದಲ್ಲಿ ಸಿಲಿಂಡರಿಗೆ ಅನುಮತಿ ಸಿಗುವುದು ಕಷ್ಟ, ಆದರೆ ಮಾಸ್ಕ್, ಸ್ನಾರ್ಕೆಲ್ ಮತ್ತು ಫಿನ್‌ಗಳಿಗೆ ಜನಸಂದಣಿ ಇಲ್ಲದ ಹೊತ್ತಿನಲ್ಲಿ ವ್ಯವಸ್ಥಾಪಕರನ್ನು ಕೇಳಿ ನೋಡಬಹುದು. ಫಿನ್ ಇಲ್ಲದೆ, ಸ್ನಾರ್ಕೆಲ್‌ನಿಂದ ಉಸಿರಾಡುತ್ತ, ನೀರಿನ ಮೇಲೆ ಬೋರಲು ತೇಲಿ, ಕೈಗಳನ್ನು ಮೈಗೆ ಅಂಟಿಸಿ ಅಲುಗದೆ ಇರಿ. ಎದೆಯಲ್ಲಿ ಗಾಳಿ ಇರುವುದರಿಂದ ಅದು ತೇಲುತ್ತದೆ, ಕಾಲುಗಳು ನಿಧಾನವಾಗಿ ಇಳಿಯುತ್ತವೆ. ಈಗ ಕೈಗಳನ್ನು ತಲೆಯ ಮುಂದಕ್ಕೆ ಚಾಚಿದರೆ ಇಳಿಯುತ್ತಿದ್ದ ಕಾಲುಗಳು ತಡೆಯುವುದನ್ನು, ಕೆಲವರಲ್ಲಿ ಮತ್ತೆ ಮೇಲಕ್ಕೆ ಬರುವುದನ್ನು ಕಾಣುತ್ತೀರಿ. ತೂಕದ ಜಾಗ ಬದಲಾದರೆ ಮೈಯ ವಾಲು ಬದಲಾಗುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ. ಅದಾದ ಮೇಲೆ ಫಿನ್ ತೊಟ್ಟು ಕಪ್ಪೆಕಾಲಿನ ಹೊಡೆತವನ್ನು ಅಭ್ಯಾಸ ಮಾಡಿ, ಅದರ ವಿವರ ಮುಂದೆ ಬರುತ್ತದೆ. ಕೊಳದ ತಳದಲ್ಲಿ ಉಸಿರು ಕಟ್ಟಿ ಎಷ್ಟು ಹೊತ್ತು ಇರಬಲ್ಲೆನೆಂಬ ಪಂದ್ಯಕ್ಕೆ ಮಾತ್ರ ಹೋಗಬೇಡಿ. ಜೋರಾಗಿ ಉಸಿರಾಡಿ ಮುಳುಗುವವರು ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು, ಅದು ಎದೆಮಟ್ಟದ ನೀರಿನಲ್ಲಿಯೂ ಪ್ರಾಣಕ್ಕೆ ಎರವಾಗುತ್ತದೆ. ಉಣಕಲ್ ಅಥವಾ ಕೆಲಗೇರಿ ಕೆರೆ ಹತ್ತಿರವಿದೆಯೆಂದು ಅಲ್ಲಿಗೆ ಇಳಿಯುವ ಯೋಚನೆಯೂ ಬೇಡ. ಏನೂ ಕಾಣದ ನೀರಿನಲ್ಲಿ ಭಂಗಿಯನ್ನು ತಿದ್ದಿಕೊಳ್ಳಲು ಕಣ್ಣಿಗೆ ಆಧಾರವೇ ಇರುವುದಿಲ್ಲ.

ತರಬೇತುದಾರರ ಜೊತೆ ಈಜುಕೊಳದಲ್ಲಿ ಪೂರ್ಣ ಸಲಕರಣೆ ತೊಟ್ಟು ಇಳಿಯುವ ಅವಕಾಶ ಸಿಕ್ಕವರು ಅಲ್ಲಿ ಬೇಕಾದ ತೂಕವನ್ನೇ ಕಡಲಿಗೆ ಒಯ್ಯಬಾರದು. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರವಾಗಿದೆ. ದೇಹ ಮತ್ತು ಸಲಕರಣೆ ಸೇರಿ 90 ಕಿಲೋ ಇದ್ದರೆ ಕಡಲಿನಲ್ಲಿ ಎರಡೂಕಾಲು ಕಿಲೋ ಹೆಚ್ಚು ಬೇಕಾಗುತ್ತದೆ.

ಕಡಲಿನಲ್ಲಿ ತೂಕ ನಿರ್ಧರಿಸುವುದು

ದೋಣಿಯಿಂದ ಇಳಿದ ಕೂಡಲೇ ಕೆಳಕ್ಕೆ ಹೋಗುವ ಆತುರದಲ್ಲಿ ಈ ಪರೀಕ್ಷೆ ತಪ್ಪಿಹೋಗುತ್ತದೆ, ಆದ್ದರಿಂದ ದೋಣಿಯ ಮೇಲಿರುವಾಗಲೇ ತರಬೇತುದಾರರಿಗೆ ತಿಳಿಸಿಡಿ. ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರ್ ಬಾಯಲ್ಲಿರಲಿ. ನೀರಿನಲ್ಲಿ ನೆಟ್ಟಗೆ ನಿಂತು, ತಿಳಿಯದೆಯೇ ಬಡಿಯುವ ಕಾಲುಗಳನ್ನು ಪಾದದ ಬಳಿ ಒಂದರ ಮೇಲೊಂದು ಹಾಕಿ ಕಟ್ಟಿಹಾಕಿ, ಜಾಕೆಟ್‌ನ ಗಾಳಿಯನ್ನೆಲ್ಲ ಬಿಡಿ. ಸಾಧಾರಣ ಉಸಿರು ಒಳಗಿರುವಾಗ ನೀರು ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ತಲೆ ನಿಧಾನವಾಗಿ ಮುಳುಗಬೇಕು. ಉಸಿರು ತುಂಬಿರುವಾಗಲೇ ಕಲ್ಲಿನ ಹಾಗೆ ಇಳಿದರೆ ತೂಕ ಹೆಚ್ಚಾಗಿದೆ.

ಸಿಲಿಂಡರ್ ತುಂಬಿರುವಾಗ ಈ ಪರೀಕ್ಷೆ ಮಾಡಿದವರು ಅದರ ಮೇಲೆ ಸುಮಾರು ಎರಡು ಕಿಲೋ ಸೇರಿಸಬೇಕು. ಕಾರಣ ಸರಳ: 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ 2,200 ಲೀಟರ್ ಗಾಳಿ ಇರುತ್ತದೆ, ಲೀಟರಿಗೆ ಸುಮಾರು 1.2 ಗ್ರಾಂನಂತೆ ಅದರ ತೂಕ ಎರಡೂವರೆ ಕಿಲೋ ಮೀರುತ್ತದೆ, 50 ಬಾರ್‌ಗೆ ಬರುವ ಹೊತ್ತಿಗೆ ಅದರ ಮುಕ್ಕಾಲು ಪಾಲನ್ನು ಉಸಿರಾಡಿ ಮುಗಿಸಿರುತ್ತೀರಿ. ಡೈವ್‌ನ ಆರಂಭದಲ್ಲಿ ಸರಿಯಾಗಿದ್ದ ತೂಕ ಕೊನೆಯಲ್ಲಿ ಎರಡು ಕಿಲೋ ಕಡಿಮೆಯಾಗಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದ ಸೇಫ್ಟಿ ಸ್ಟಾಪ್‌ನಲ್ಲಿ ನಿಮ್ಮನ್ನು ಮೇಲಕ್ಕೆ ತೇಲಿಸಬಹುದು. ಸೀಸ ಹೆಚ್ಚಾಗುವುದು ತೊಂದರೆಯಾದರೆ, ಕಡಿಮೆಯಾಗುವುದು ಅಪಾಯ.

ಹಾಗಾಗಿ ನಾನು ಹೆಚ್ಚು ನಂಬುವುದು ಡೈವ್‌ನ ಕೊನೆಯ ಪರೀಕ್ಷೆಯನ್ನು. ಸೇಫ್ಟಿ ಸ್ಟಾಪ್‌ನಲ್ಲಿ, ಸಿಲಿಂಡರ್ 50 ಬಾರ್‌ನ ಹತ್ತಿರವಿರುವಾಗ, ಜಾಕೆಟ್‌ನ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಬಿಡಿ. ಸಾಧಾರಣ ಉಸಿರಾಟದಲ್ಲೇ ಐದು ಮೀಟರಿನಲ್ಲಿ ನಿಲ್ಲಲಾದರೆ ಆ ಸೂಟಿಗೆ, ಆ ಸಿಲಿಂಡರಿಗೆ, ಆ ಕಡಲಿಗೆ ನಿಮ್ಮ ತೂಕ ಅದೇ. ಜಾಕೆಟ್‌ನಲ್ಲಿ ಇನ್ನೂ ಗಾಳಿ ಬೇಕೆನಿಸಿದರೆ ಮುಂದಿನ ಡೈವ್‌ಗೆ ಒಂದು ಕಿಲೋ ತೆಗೆಯಿರಿ. ಒಮ್ಮೆಗೆ ಒಂದಕ್ಕಿಂತ ಹೆಚ್ಚು ಬೇಡ, ಮತ್ತು ತೆಗೆದದ್ದನ್ನು ಜೊತೆಗಾರರಿಗೂ ತರಬೇತುದಾರರಿಗೂ ಹೇಳಿಯೇ ಇಳಿಯಿರಿ.

ಮೊದಲ ಡೈವ್‌ಗಳಲ್ಲಿ ಕೇಂದ್ರದವರು ಎರಡು ಕಿಲೋ ಹೆಚ್ಚಿಗೆ ಕಟ್ಟುವುದನ್ನು ದೂರುವಂತಿಲ್ಲ. ಅಂಜಿಕೆಯಲ್ಲಿರುವವರು ಎದೆ ತುಂಬ ಗಾಳಿ ತುಂಬಿಕೊಂಡೇ ಇರುತ್ತಾರೆ, ಕಾಲು ಬಡಿಯುತ್ತಲೇ ಇರುತ್ತಾರೆ, ಒಣ ಸೂಟಿನಲ್ಲಿ ಗಾಳಿ ಸಿಕ್ಕಿರುತ್ತದೆ. ಅಂಥವರನ್ನು ಕೆಳಗಿಳಿಸಲು ಸೀಸ ಬೇಕಾಗುತ್ತದೆ. ಅಂಜಿಕೆ ಹೋದ ಮೇಲೂ ಅದೇ ಅಂಕಿಯನ್ನು ಮುಂದಿನ ಕೇಂದ್ರದಲ್ಲಿ ‘ನನ್ನ ತೂಕ ಇಷ್ಟು’ ಎಂದು ಒಪ್ಪಿಸುತ್ತ ಹೋಗುವುದು ನಮ್ಮ ತಪ್ಪು.

ತೂಕವನ್ನು ಎಲ್ಲಿಡಬೇಕು

ನಮ್ಮ ಕಡೆಯ ಹಳ್ಳಿಗಳಲ್ಲಿ ಬಾವಿಗಿಳಿದು ಈಜು ಕಲಿತವರಿಗೆ ಟ್ರಿಮ್, ಅಂದರೆ ನೀರಿನಲ್ಲಿ ಮೈಯ ವಾಲು, ಎಂದರೇನೆಂದು ವಿವರಿಸಬೇಕಾಗಿಲ್ಲ. ಬೆನ್ನಿಗೆ ಕಟ್ಟಿದ ಒಣ ಬುರುಡೆ ಅಥವಾ ಡಬ್ಬಿ ಹೆಗಲ ಹತ್ತಿರವಿದ್ದರೆ ತಲೆ ಮೇಲಿರುತ್ತದೆ, ಹಗ್ಗ ಸಡಿಲಿ ಅದು ಸೊಂಟಕ್ಕೆ ಜಾರಿದರೆ ಹಿಂಭಾಗ ತೇಲಿ ಮುಖ ನೀರಿಗೆ ಹೋಗುತ್ತದೆ. ಬುರುಡೆಯ ಗಾತ್ರ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ. ಸ್ಕೂಬಾದಲ್ಲಿ ತೇಲಿಸುವುದು ಎದೆ ಮತ್ತು ಜಾಕೆಟ್, ಮುಳುಗಿಸುವುದು ಸೀಸ. ಇವೆರಡರ ನಡುಬಿಂದುಗಳು ಒಂದೇ ಲಂಬ ರೇಖೆಯಲ್ಲಿ ಬಂದಾಗ ದೇಹ ತಾನಾಗಿ ಮಟ್ಟಸವಾಗಿ ನಿಲ್ಲುತ್ತದೆ.

ಪರೀಕ್ಷಿಸುವ ಬಗೆ ಹೀಗೆ. ಆರರಿಂದ ಎಂಟು ಮೀಟರ್ ಆಳದಲ್ಲಿ, ಕೆಳಗೆ ಹವಳವಿಲ್ಲದ ಮರಳು ಇರುವ ಕಡೆ, ಏರದೆ ಇಳಿಯದೆ ಇರುವ ಸ್ಥಿತಿಗೆ ಬನ್ನಿ. ಮೊಣಕಾಲು ಮಡಚಿ, ತಲೆ ಎತ್ತಿ, ಜಮಖಾನೆಯ ಮೇಲೆ ಕಲಿತ ಭಂಗಿಗೆ ಬಂದು ಸಂಪೂರ್ಣವಾಗಿ ಅಲುಗಾಟ ನಿಲ್ಲಿಸಿ. ಕೈಬೆರಳು ಕೂಡ ಆಡಬಾರದು, ಉಸಿರು ಮಾತ್ರ ನಡೆಯುತ್ತಿರಲಿ. ಮೂವತ್ತು ಸೆಕೆಂಡಿನೊಳಗೆ ದೇಹ ತನ್ನ ಸಹಜ ಒಲವನ್ನು ತೋರಿಸುತ್ತದೆ. ಜೊತೆಗಾರರು ಪಕ್ಕದಿಂದ ವಿಡಿಯೊ ಮಾಡಿದರೆ ಇನ್ನೂ ಸ್ಪಷ್ಟ, ಏಕೆಂದರೆ ಓರೆಯಾಗಿರುವವರಿಗೆ ತಾವು ಓರೆಯಾಗಿದ್ದೇವೆಂಬುದು ತಿಳಿಯುವುದಿಲ್ಲ.

ಕಾಲು ಇಳಿಯುತ್ತಿದ್ದರೆ ಸೀಸದ ಸ್ವಲ್ಪ ಭಾಗವನ್ನು ತಲೆಯ ಕಡೆಗೆ ಸರಿಸಬೇಕು. ಸೊಂಟದ ಬೆಲ್ಟ್‌ನಿಂದ ಒಂದು ಕಿಲೋ ತೆಗೆದು, ಸಿಲಿಂಡರನ್ನು ಜಾಕೆಟಿಗೆ ಬಿಗಿಯುವ ಪಟ್ಟಿಯ ಮೇಲ್ಭಾಗಕ್ಕೆ ಪೋಣಿಸಿದರೆ ಅದು ಹೆಚ್ಚುಕಡಿಮೆ ಒಂದು ಮೊಳ ಮೇಲಕ್ಕೆ ಹೋದಂತೆ, ಅಷ್ಟಕ್ಕೇ ಓರೆ ಗಣನೀಯವಾಗಿ ತಗ್ಗುತ್ತದೆ. ಕೆಲವು ಜಾಕೆಟ್‌ಗಳ ಬೆನ್ನಿನಲ್ಲಿ ಇದಕ್ಕೆಂದೇ ಚಿಕ್ಕ ಜೇಬುಗಳಿರುತ್ತವೆ. ತಲೆ ಇಳಿಯುತ್ತಿದ್ದರೆ, ಅದು ಅಪರೂಪ, ಈ ಕ್ರಮವನ್ನು ತಿರುಗಿಸಿ. ಕಣಕಾಲಿಗೆ ಕಟ್ಟುವ ತೂಕಗಳನ್ನು ಮಾರುತ್ತಾರೆ. ಪ್ರತಿ ಹೊಡೆತಕ್ಕೂ ಅದನ್ನು ಎಳೆದಾಡಬೇಕಾದ್ದರಿಂದ ಬಿಸಿನೀರಿನ ಕಡಲಲ್ಲಿ ಅದಕ್ಕೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ, ಅದಕ್ಕಿಂತ ಸ್ವಲ್ಪ ಭಾರವಾದ ರಬ್ಬರ್ ಫಿನ್ ಮೇಲು.

ಸಿಲಿಂಡರನ್ನೇ ಪಟ್ಟಿಯೊಳಗೆ ಮೇಲೆ ಕೆಳಗೆ ಸರಿಸಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಉಕ್ಕಿನ ಸಿಲಿಂಡರಿಗೆ ಅದು ಸರಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ದಡದಲ್ಲಿ ಎಷ್ಟೇ ಭಾರವೆನಿಸಿದರೂ ನೀರಿನೊಳಗೆ ಹೆಚ್ಚುಕಡಿಮೆ ತೂಕವಿಲ್ಲದ್ದು: ತುಂಬಿದ್ದಾಗ ಅರ್ಧ-ಮುಕ್ಕಾಲು ಕಿಲೋದಷ್ಟು ಇಳಿಯುತ್ತದೆ, ಖಾಲಿಯಾಗುತ್ತ ಒಂದೂವರೆ-ಎರಡು ಕಿಲೋದಷ್ಟು ತೇಲುತ್ತದೆ. ತೂಕವಿಲ್ಲದ್ದನ್ನು ನಾಲ್ಕು ಬೆರಳು ಸರಿಸಿದರೆ ಓರೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ, ಬದಲಿಗೆ ಅತಿಯಾಗಿ ಮೇಲೇರಿಸಿದ ಸಿಲಿಂಡರಿನ ಕವಾಟ ತಲೆಯ ಹಿಂಭಾಗಕ್ಕೆ ತಾಗಿ ಮುಂದೆ ನೋಡಲು ತಡೆಯಾಗುತ್ತದೆ. ತಲೆ ಬಗ್ಗಿದರೆ ಭುಜ ಬಗ್ಗುತ್ತದೆ, ಮೊಣಕಾಲು ಮುಂದೆ ಬರುತ್ತದೆ. ಅದಕ್ಕಾಗಿ ಸಿಲಿಂಡರಿನ ಎತ್ತರವನ್ನು ಕತ್ತಿನ ಅನುಕೂಲಕ್ಕೆ ತಕ್ಕಂತೆ ಇಟ್ಟುಕೊಂಡು, ಓರೆಯನ್ನು ಸೀಸದಿಂದಲೇ ಸರಿಪಡಿಸುವುದು ಲೇಸು.

ಪಕ್ಕಕ್ಕೆ ಹೊರಳುವ ತೊಂದರೆ ಇದ್ದರೆ ಬೆಲ್ಟ್‌ನ ಎರಡೂ ಬದಿಯ ಸೀಸ ಸಮವಿದೆಯೇ, ಆಳಕ್ಕೆ ಹೋದಾಗ ಸೂಟ್ ಕುಗ್ಗಿ ಬೆಲ್ಟ್ ಸಡಿಲವಾಗಿ ಸರಿದಿದೆಯೇ ನೋಡಿ. ಸೀಸದ ಬಿಲ್ಲೆಗಳು ಬೆನ್ನಿನ ಕಡೆಗಿಂತ ಸೊಂಟದ ಇಕ್ಕೆಲಗಳಲ್ಲಿ, ಸ್ವಲ್ಪ ಮುಂದಕ್ಕೆ ಇದ್ದರೆ ಹೊರಳಾಟ ಕಡಿಮೆ. ಒತ್ತಡದ ಗೇಜ್ ಮತ್ತು ಬದಲಿ ರೆಗ್ಯುಲೇಟರ್ ಜೋತಾಡದಂತೆ ಎದೆಯ ಬಳಿ ಸಿಕ್ಕಿಸಿ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರವೊಂದಿದೆ: ತೂಕವನ್ನು ಹಲವೆಡೆ ಹಂಚುವಾಗ, ಆಪತ್ತಿನಲ್ಲಿ ಒಂದೇ ಕೈಯಿಂದ ಕಳಚಿ ಬಿಡಬಹುದಾದ ಸೀಸ ಸಾಕಷ್ಟು ಉಳಿದಿರಬೇಕು. ಸಿಲಿಂಡರ್ ಪಟ್ಟಿಗೆ ಪೋಣಿಸಿದ್ದನ್ನು ನೀರಿನಲ್ಲಿ ನೀವೇ ಕಳಚಲಾರಿರಿ.

ಉಸಿರು ಮತ್ತು ಗುಂಡಿ

ತೂಕ ಸರಿಯಾದ ಮೇಲೆ ಉಳಿಯುವ ಸಣ್ಣ ವ್ಯತ್ಯಾಸವನ್ನು ಎದೆಯೇ ನೋಡಿಕೊಳ್ಳುತ್ತದೆ. ನಿರಾಳವಾಗಿ ಕುಳಿತಾಗ ನಾವು ಒಳಗೆ ಎಳೆಯುವುದು ಸುಮಾರು ಅರ್ಧ ಲೀಟರ್, ನೀರಿನಡಿಯಲ್ಲಿ ನಿಧಾನವಾಗಿ ಆಳವಾಗಿ ಉಸಿರಾಡಿದರೆ ಒಂದರಿಂದ ಒಂದೂವರೆ ಲೀಟರ್. ಅಂದರೆ ಒಂದು ಕಿಲೋ ಆಸುಪಾಸಿನ ತೇಲುವ ಬಲವನ್ನು ಬೇಕೆಂದಾಗ ಹೆಚ್ಚಿಸುವ, ತಗ್ಗಿಸುವ ಸಾಧನ ನಿಮ್ಮೊಳಗೇ ಇದೆ.

ಅದನ್ನು ಬಳಸುವಾಗ ತಪ್ಪುವುದು ವೇಳೆಯ ಅಂದಾಜು. ಒಂದು ಬಂಡೆಯ ಮೇಲಿನಿಂದ ಹಾದು ಹೋಗಬೇಕಿದೆ ಎನ್ನಿ. ಬಂಡೆ ಮೂಗಿನ ಮುಂದೆ ಬಂದಾಗ ಉಸಿರೆಳೆದರೆ ಹೊಟ್ಟೆ ಅದಕ್ಕೆ ಉಜ್ಜಿಯೇ ಉಜ್ಜುತ್ತದೆ, ಏಕೆಂದರೆ ಉಸಿರೆಳೆದ ಎರಡು ಮೂರು ಸೆಕೆಂಡುಗಳ ನಂತರವಷ್ಟೇ ದೇಹ ಏರತೊಡಗುತ್ತದೆ. ಎರಡು ಮೀಟರ್ ದೂರವಿರುವಾಗಲೇ ನಿಧಾನವಾಗಿ ಎಳೆಯಲು ಶುರು ಮಾಡಬೇಕು, ದೇಹ ಏರಲು ಆರಂಭಿಸಿದ ಕ್ಷಣದಲ್ಲೇ ಬಿಡಲು ಶುರು ಮಾಡಬೇಕು. ಏರುವುದು ನಿಲ್ಲಲಿ ಎಂದು ಕಾಯ್ದರೆ ತಡವಾಗುತ್ತದೆ. ನಾಲ್ಕೈದು ಎಣಿಸುವಷ್ಟು ಒಳಕ್ಕೆ, ಐದಾರು ಎಣಿಸುವಷ್ಟು ಹೊರಕ್ಕೆ ಎಂಬ ಲಯ ಬಹಳ ಮಂದಿಗೆ ಒಗ್ಗುತ್ತದೆ. ಆದರೆ ಯಾವ ಕಾರಣಕ್ಕೂ ಉಸಿರನ್ನು ಕಟ್ಟಿ ನಿಲ್ಲಬಾರದು. ಗಂಟಲು ಮುಚ್ಚಿಕೊಂಡು ಒಂದೆರಡು ಮೀಟರ್ ಏರಿದರೂ ಹಿಗ್ಗುವ ಗಾಳಿ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲುದು.

ಜಾಕೆಟ್‌ಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯನ್ನು ಆಳ ಬದಲಾದಾಗ ಮಾತ್ರ ಮುಟ್ಟಿ. ಅರ್ಧ ಸೆಕೆಂಡಿನ ಒಂದು ಒತ್ತು, ಆಮೇಲೆ ಒಂದು ಪೂರ್ಣ ಉಸಿರಾಟದಷ್ಟು ಕಾಯುವಿಕೆ, ಆಮೇಲೆ ಬೇಕಾದರೆ ಇನ್ನೊಂದು ಒತ್ತು. ಗಾಳಿ ಬಿಡುವಾಗ ಗಾಳಿ ಎಲ್ಲಿದೆಯೋ ಅಲ್ಲಿಂದಲೇ ಹೊರಹೋಗಲು ದಾರಿ ಬೇಕು. ನೆಟ್ಟಗಿರುವಾಗ ಎಡ ಭುಜದ ಕೊಳವೆ ಎತ್ತಿ ಬಿಡಬಹುದು. ಮಟ್ಟಸವಾಗಿ ಮಲಗಿರುವಾಗ ಜಾಕೆಟ್‌ನ ಹಿಂಭಾಗದ ಕೆಳಗಿರುವ ದಾರದ ಕವಾಟವನ್ನು ಎಳೆಯುವುದು ಸುಲಭ, ಸೊಂಟವನ್ನು ಕೊಂಚ ಎತ್ತಿದರೆ ಗಾಳಿ ಅಲ್ಲಿಗೆ ಸರಿಯುತ್ತದೆ. ಈ ದಾರ ಎಲ್ಲಿದೆ ಎಂಬುದನ್ನು ದೋಣಿಯ ಮೇಲೆ ಕಣ್ಣು ಮುಚ್ಚಿ ಮುಟ್ಟಿ ನೋಡಿಕೊಂಡಿರಿ. ಪ್ರತಿ ಸಲ ಗಾಳಿ ಬಿಡಲು ನೆಟ್ಟಗಾಗುವವರ ಟ್ರಿಮ್ ಎಷ್ಟು ತಿದ್ದಿದರೂ ನಿಲ್ಲುವುದಿಲ್ಲ.

ಕೋರ್ಸ್‌ಗಳಲ್ಲಿ ತಳದ ಮೇಲೆ ಮೊಣಕಾಲೂರಿ ಕೌಶಲಗಳನ್ನು ಮಾಡಿಸುವ ಪದ್ಧತಿ ಬಗ್ಗೆ ನನಗೆ ಸಮಾಧಾನವಿಲ್ಲ. ಮಾಸ್ಕ್‌ನ ನೀರು ತೆಗೆಯುವಾಗ ದೇಹ ತಾನಾಗಿ ನೆಟ್ಟಗಾಗುವ ಅಭ್ಯಾಸ ಅಲ್ಲಿಂದಲೇ ಬರುತ್ತದೆ. ಆದ್ದರಿಂದ ಮಾಸ್ಕ್ ತೆರವು, ಗೇಜ್ ನೋಡುವುದು, ಜೊತೆಗಾರರಿಗೆ ಸನ್ನೆ ಮಾಡುವುದು ಇವನ್ನೆಲ್ಲ ಮಟ್ಟಸವಾಗಿ ತೇಲುತ್ತಲೇ ಮಾಡುವುದನ್ನು ಒಂದೊಂದಾಗಿ ರೂಢಿಸಿಕೊಳ್ಳಿ.

ಕಾಲಿನ ಕೆಲಸ

ಕಪ್ಪೆಕಾಲಿನ ಹೊಡೆತದಲ್ಲಿ ಮೊಣಕಾಲು ಮಡಚಿದ ಭಂಗಿಯಿಂದ ಪಾದಗಳನ್ನು ಹೊರಕ್ಕೆ ತಿರುಗಿಸಿ, ಫಿನ್‌ನ ಅಡಿಭಾಗದಿಂದ ನೀರನ್ನು ಹಿಂದಕ್ಕೆ ತಳ್ಳಿ, ಎರಡೂ ಫಿನ್‌ಗಳನ್ನು ಹತ್ತಿರ ತಂದು, ಜಾರುವಿಕೆ ನಿಲ್ಲುವವರೆಗೆ ಸುಮ್ಮನಿರಬೇಕು. ಸುಮ್ಮನಿರುವ ಆ ಭಾಗವನ್ನೇ ಹೊಸಬರು ಬಿಟ್ಟುಬಿಡುತ್ತಾರೆ. ಈ ಹೊಡೆತದ ಲಾಭವೆಂದರೆ ನೀರು ಹಿಂದಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕೆ ಹೋಗುವುದಿಲ್ಲ, ಹಾಗಾಗಿ ಮರಳು ಏಳುವುದಿಲ್ಲ. ಪ್ರವಾಹ ಎದುರಾದಾಗ ಮಾಮೂಲಿ ಬಡಿತವೇ ಬೇಕಾಗಬಹುದು, ಅದಕ್ಕೆ ಅಡ್ಡಿಯಿಲ್ಲ. ಕೈಗಳನ್ನು ಎದೆಯ ಮುಂದೆ ಒಂದಕ್ಕೊಂದು ಹಿಡಿದುಕೊಂಡರೆ ಈಜುವ ಚಪಲ ತಗ್ಗುತ್ತದೆ.

ಪ್ರವಾಸವನ್ನು ಹೊಂದಿಸಿಕೊಳ್ಳುವುದು

ನೇತ್ರಾಣಿಯ ಋತು ಸಾಮಾನ್ಯವಾಗಿ ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಎರಡು ಡೈವ್‌ಗಳ ಪ್ರವಾಸದಲ್ಲಿ ಮೊದಲನೆಯದರ ಕೊನೆಗೆ ತೂಕದ ಪರೀಕ್ಷೆ, ಎರಡನೆಯದರಲ್ಲಿ ಟ್ರಿಮ್‌ನ ಪರೀಕ್ಷೆ ಎಂದು ಇಟ್ಟುಕೊಂಡರೆ ಮೀನು ನೋಡುವುದಕ್ಕೂ ಸಮಯ ಉಳಿಯುತ್ತದೆ. ಒಂದು ಡೈವ್‌ನಲ್ಲಿ ಒಂದನ್ನು ಮಾತ್ರ ಬದಲಿಸಿ. ತೂಕ, ಅದರ ಜಾಗ, ಫಿನ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕ್ಯಾಮೆರಾವನ್ನು ಈ ಹಂತದಲ್ಲಿ ದೋಣಿಯಲ್ಲೇ ಬಿಡುವುದು ಮೇಲು, ಜೊತೆಗಾರರ ಕೈಯಲ್ಲಿ ನಿಮ್ಮ ಭಂಗಿ ಹಿಡಿಯಲು ಇರುವುದನ್ನು ಹೊರತುಪಡಿಸಿ.

ನಮ್ಮ ಊರಿನವರಿಗೆ ಮಾತ್ರ ಅನ್ವಯಿಸುವ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹುಬ್ಬಳ್ಳಿ ಮತ್ತು ಧಾರವಾಡ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿವೆ. ಡೈವ್ ಮಾಡಿದ ಸಂಜೆಯೇ ಘಟ್ಟ ಹತ್ತುವುದೆಂದರೆ, ದೇಹದಲ್ಲಿ ಹೆಚ್ಚಿನ ನೈಟ್ರೋಜನ್ ಇನ್ನೂ ಕರಗಿರುವಾಗಲೇ ಕಡಿಮೆ ಒತ್ತಡದ ಎತ್ತರಕ್ಕೆ ಹೋದಂತೆ. ವಿಮಾನ ಏರುವ ಮುನ್ನ ಒಂದು ಡೈವ್ ಆದವರು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬ ಸಾಮಾನ್ಯ ಸೂಚನೆಯನ್ನು ಈ ರಸ್ತೆಗೂ ಅನ್ವಯಿಸಿಕೊಂಡು, ಆ ರಾತ್ರಿ ಕರಾವಳಿಯಲ್ಲೇ ತಂಗುವುದು ಕ್ಷೇಮ.

ಆ ಸಂಜೆ ಲಾಗ್‌ಬುಕ್ ತೆರೆದು ಇಷ್ಟನ್ನು ಬರೆಯಿರಿ: ಸೂಟಿನ ದಪ್ಪ ಮತ್ತು ಅಳತೆ, ಸಿಲಿಂಡರ್ ಅಲ್ಯೂಮಿನಿಯಮ್ಮೋ ಉಕ್ಕಿನದೋ, ಒಟ್ಟು ಸೀಸ ಎಷ್ಟು, ಅದರಲ್ಲಿ ಸೊಂಟದಲ್ಲಿದ್ದದ್ದೆಷ್ಟು, ಬೆನ್ನಿನಲ್ಲಿದ್ದದ್ದೆಷ್ಟು, ಸೇಫ್ಟಿ ಸ್ಟಾಪ್‌ನಲ್ಲಿ ಜಾಕೆಟ್ ಖಾಲಿಯಾಗಿತ್ತೇ, ಕಾಲು ಇಳಿಯಿತೇ, ತಲೆ ಇಳಿಯಿತೇ. ಮುಂದೆ ಅಂಡಮಾನಿಗೋ ಪುದುಚೇರಿಗೋ ಹೋದಾಗ ಕೇಂದ್ರದವರು ‘ಎಷ್ಟು ಕಿಲೋ ಕಟ್ಟಲಿ?’ ಎಂದು ಕೇಳುತ್ತಾರೆ. ಒಂದೇ ಅಂಕಿಯನ್ನು ಹೇಳದೆ ಈ ಸಾಲನ್ನು ತೋರಿಸಿ, ಅಲ್ಲಿನ ಸಿಲಿಂಡರ್ ಉಕ್ಕಿನದಾಗಿದ್ದರೆ ಎರಡು ಕಿಲೋದಷ್ಟು ಕಡಿಮೆ ಮಾಡಿ ಆರಂಭಿಸಬಹುದೇ ಎಂದು ಅವರನ್ನು ಕೇಳಿ, ಮೊದಲ ಡೈವ್‌ಗೆ ಮುನ್ನ ಕಣ್ಣಿನ ಮಟ್ಟದ ಪರೀಕ್ಷೆಯನ್ನು ಹೊಸದಾಗಿ ಮಾಡಿಕೊಳ್ಳಿ.